ಕೌದಿಯೊಳಗಿನ ತೀರ್ಪು

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಹೇಳಿ ಎಷ್ಟೋ ಕಾಲವಾಯಿತು. ಫುಟ್‌ಬಾಲಿನವರಿಗೆ ಅದು ಮೊನ್ನೆ ಮೊನ್ನೆ ಹೊಳೆದಿದೆ. ದೊಡ್ಡ ಪಂದ್ಯಗಳಲ್ಲಿ ಈಗ ರೆಫ್ರಿ ಗೋಲು ಕೊಟ್ಟ ಮಾತ್ರಕ್ಕೆ ಅದು ಗೋಲಲ್ಲ. ಅವನ ಕಿವಿಯಲ್ಲಿ ಯಾರೋ ಏನೋ ಹೇಳುತ್ತಾರೆ, ಅವನು ಎರಡು ಬೆರಳಿನಿಂದ ಗಾಳಿಯಲ್ಲೊಂದು ಟಿವಿ ಬರೆಯುತ್ತಾನೆ, ಮೈದಾನದ ಅಂಚಿಗೆ ಓಡಿ ಪರದೆ ನೋಡಿ ಬಂದು ತನ್ನ ಮಾತನ್ನು ತಾನೇ ನುಂಗುತ್ತಾನೆ. ಇದನ್ನು ನೋಡಿದಾಗಲೆಲ್ಲ ನನಗೆ ನಗು ಬರುತ್ತಿತ್ತು. ನಾನು ಹೈಸ್ಕೂಲಿನ ಪಿ.ಟಿ. ಮಾಸ್ತರ. ಯಲಬುರ್ಗಾ ಸುತ್ತಮುತ್ತ ಫುಟ್‌ಬಾಲ್ ಎಲ್ಲಿ ನಡೆದರೂ ಸೀಟಿ ನನ್ನ ಬಾಯಲ್ಲೇ. ಆಫ್‌ಸೈಡ್ ಎಂದರೇನೆಂದು ಇಲ್ಲಿ ಗೊತ್ತಿರುವವನು ನಾನೊಬ್ಬನೇ ಎಂದು ಜನ ನಂಬಿದ್ದಾರೆ. ಆ ನಂಬಿಕೆಯನ್ನು ಕೆಡಿಸಲು ನಾನೂ ಹೋಗಿಲ್ಲ.

ನಮ್ಮ ಮೈದಾನದ ಗೋಲೆಂದರೆ ನೆಟ್ಟ ಎರಡು ಬಿದಿರು, ಮೇಲೊಂದು ಹಗ್ಗ. ಗೆರೆ ಎಳೆಯುವುದು ಸುಣ್ಣದ ಪುಡಿಯಲ್ಲಿ. ಆಷಾಢದ ಗಾಳಿ ಬೀಸಿತೆಂದರೆ ಆ ಗೆರೆ ಅರ್ಧ ಆಟದ ಹೊತ್ತಿಗೆ ಪಕ್ಕದ ಹೊಲದಲ್ಲಿರುತ್ತದೆ. ಇಂಥ ಮೈದಾನದಲ್ಲಿ ಈ ವರ್ಷದ ಫೈನಲ್ ಬೇವೂರಿಗೂ ನವಲಿಗೂ ಬಿತ್ತು. ಬೇವೂರು ನನ್ನ ಹೆಂಡತಿ ಗಿರಿಜಾಳ ತವರು. ಆ ತಂಡದ ಕ್ಯಾಪ್ಟನ್ ಅವಳ ತಮ್ಮ ಮಂಜು. ನಾಗರಪಂಚಮಿಗೆ ಇನ್ನೊಂದು ವಾರವಿತ್ತು. ಪ್ರತಿ ಪಂಚಮಿಗೆ ಮಂಜು ಅಕ್ಕನನ್ನು ಕರೆಯಲು ಬರುತ್ತಾನೆ, ಬರುವಾಗ ಡಬ್ಬಿ ತುಂಬ ಶೇಂಗಾ ಉಂಡಿ, ಎಳ್ಳುಂಡಿ ತರುತ್ತಾನೆ. ಹಬ್ಬ ಹೆಂಡತಿಯದಾದರೂ ಉಂಡಿಯ ವ್ಯವಹಾರ ನನ್ನದು.

ಪಂದ್ಯಾವಳಿ ಸಮಿತಿಯ ಅಧ್ಯಕ್ಷರು ಗೊಬ್ಬರದಂಗಡಿಯ ಶರಣಪ್ಪನವರು. ಮೊಬೈಲಿನಲ್ಲಿ ಆ ಗಾಳಿ ಟಿವಿ ನೋಡಿ ಅವರಿಗೂ ಹುರುಪು ಬಂದಿತ್ತು. “ನಮ್ಮಲ್ಲೂ ವಿಡಿಯೋ ಇರ್ಲಿ ಮಾಸ್ತರ್ರ, ನಾವೇನ್ ಕಡಿಮಿ?” ಎಂದು ಸ್ಟುಡಿಯೋದ ಖಾದರ್‌ನನ್ನು ಗೊತ್ತು ಮಾಡಿದರು. ಖಾದರ್ ಮದುವೆ ವಿಡಿಯೋಗಳಲ್ಲಿ ಭಾರಿ ಹೆಸರು ಮಾಡಿದವನು. ಟ್ರ್ಯಾಕ್ಟರ್ ಟ್ರಾಲಿಯ ಮೇಲೆ ಕ್ಯಾಮರಾ ಹೂಡಿಕೊಂಡು ನಿಂತ. ಮೈದಾನದ ಪಕ್ಕದ ಶಾಮಿಯಾನದಲ್ಲಿ ಆಟ ನೋಡಲು ಬಂದವರ ನಡುವೆ ಗಿರಿಜಾಳೂ ಇದ್ದಳು.

ಆಟ ಮುಗಿಯುತ್ತ ಬಂದಿತ್ತು. ನವಲಿ ಒಂದು ಗೋಲು ಮುಂದಿತ್ತು. ಆಗ ಮಂಜು ಜಾಡಿಸಿ ಒದ್ದ ಚೆಂಡು ನವಲಿಯ ಗೋಲ್‌ಕೀಪರನ ಎದೆಗೆ ಬಡಿಯಿತು, ಅವನು ಅದರ ಮೇಲೆ ಬಿದ್ದ, ಸುತ್ತ ಹತ್ತು ಜನ ಬಿದ್ದರು, ಎಲ್ಲರ ಮೇಲೆ ಧೂಳು ಬಿತ್ತು. ಬೇವೂರಿನವರು ಗೋಲೆಂದರು, ನವಲಿಯವರು ಅಲ್ಲವೆಂದರು. ನಾನು ಸೀಟಿ ಊದಿ ಅಲ್ಲವೆಂದೆ.

“ಮಾಮಾ, ಏನ್ ನೋಡೀರಿ ನೀವು? ಚೆಂಡು ಒಂದ್ ಮೊಳ ಒಳಗ ಹೋಗಿತ್ತು,” ಎಂದ ಮಂಜು.

“ಕಣ್ಣಾರೆ ನೋಡೇನಿ,” ಎಂದೆ ನಾನು.

“ಜಗಳ ಯಾಕ್ರಿ? ವಿಡಿಯೋ ಐತೆಲ್ಲ, ನೋಡಿಬಿಡ್ರಿ,” ಎಂದರು ಶರಣಪ್ಪನವರು.

ವಿಧಿಯಿಲ್ಲದೆ ನಾನೂ ಗಾಳಿಯಲ್ಲಿ ಟಿವಿ ಬರೆದೆ. ಜನ ಚಪ್ಪಾಳೆ ತಟ್ಟಿದರು. ಬಿಸಿಲಿಗೆ ಕ್ಯಾಮರಾದ ಪರದೆ ಕಾಣುತ್ತಿರಲಿಲ್ಲ. ಯಾರೋ ಪಕ್ಕದ ಮನೆಯಿಂದ ಕೌದಿ ತಂದು ನನ್ನ ಮತ್ತು ಖಾದರ್‌ನ ತಲೆಯ ಮೇಲೆ ಹೊದಿಸಿದರು. ಕೂಸಿನ ವಾಸನೆಯ ಆ ಕತ್ತಲಲ್ಲಿ ಖಾದರ್ ವಿಡಿಯೋ ಹಿಂದಕ್ಕೆ ಸರಿಸಿದ. ಮಂಜು ಓಡಿ ಬಂದ, ಕಾಲೆತ್ತಿದ. ಅಷ್ಟಕ್ಕೆ ಕ್ಯಾಮರಾ ಗರ್ರನೆ ತಿರುಗಿ ಶಾಮಿಯಾನದೊಳಗಿನ ಜನರನ್ನು ತೋರಿಸತೊಡಗಿತು.

“ಚೆಂಡೆಲ್ಲೋ ಖಾದರ್?”

“ಮಂದಿ ಹೋ ಅಂತ ಎದ್ರಲ್ರಿ ಸರ್. ಮದುವ್ಯಾಗ ಅಕ್ಷತಿ ಬೀಳೂಮುಂದ ನಾವು ಮಂದಿ ಕಡೆ ತಿರಗಸ್ತೀವ್ರಿ. ಆಮ್ಯಾಲ ವಿಡಿಯೋ ನೋಡೋರು ‘ನಾ ಎಲ್ಲಿ ಅದೀನಿ’ ಅಂತನ ಹುಡುಕ್ತಾರ. ತಾಳಿ ಯಾರ್ ನೋಡ್ತಾರ್ರಿ?”

ಅವನ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ನನ್ನ ಮದುವೆಯ ವಿಡಿಯೋದಲ್ಲಿ ತಾಳಿಯ ಹೊತ್ತಿಗೆ ನಮ್ಮ ಸೋದರತ್ತೆ ಆಕಳಿಸುತ್ತಿದ್ದಾಳೆ. ಆದರೆ ಪರದೆಯ ನಡುವೆ ನನಗೆ ಬೇಕಾದದ್ದು ಸಿಕ್ಕಿತು. ಹಸಿರು ಸೀರೆಯ ಗಿರಿಜಾ ‘ಹೋತು’ ಎನ್ನುವಂತೆ ಹಣೆಗೆ ಕೈ ಬಡಿದುಕೊಳ್ಳುತ್ತಿದ್ದಳು. ಬೇವೂರಿನ ಮಗಳು, ಒದ್ದವನ ಅಕ್ಕ, ಅವಳೇ ಹಣೆ ಬಡಿದುಕೊಂಡ ಮೇಲೆ ಇನ್ನೇನು ಪ್ರಮಾಣ ಬೇಕು? ಕೌದಿಯಿಂದ ಹೊರಬಂದು “ವಿಡಿಯೋ ನೋಡೇನಿ. ಗೋಲಿಲ್ಲ,” ಎಂದೆ. ಪಂದ್ಯದ ಕಪ್ ನವಲಿಗೆ ಹೋಯಿತು.

ಮನೆಯಲ್ಲಿ ಆಟ ಮುಂದುವರಿಯಿತು. “ನನ್ನ ತಮ್ಮನ ಗೋಲು ನುಂಗಿದ್ರಿ,” ಎಂದು ಗಿರಿಜಾ ಒಳಗೆ ಹೋದಳು. ಮಂಜು ಫೋನಿನಲ್ಲಿ “ಈ ಸಲ ಅಕ್ಕನ್ನ ಕರಿಯಾಕ ಬರೂದಿಲ್ಲ. ನವಲಿಯವರ ಬಂದು ಕರಕೊಂಡು ಹೋಗ್ಲಿ,” ಎಂದುಬಿಟ್ಟ. ಗಿರಿಜಾ ಹಬ್ಬಕ್ಕೆಂದು ತುಂಬಿದ್ದ ಚೀಲದಿಂದ ಸೀರೆಗಳನ್ನು ತೆಗೆದು ಮತ್ತೆ ಕಪಾಟಿನಲ್ಲಿಟ್ಟಳು. ಹೊರಗೆ ಬೈಕಿನ ಸದ್ದಾದರೆ ಕಿಟಕಿಯ ಕಡೆ ನೋಡುತ್ತಿದ್ದಳು. ಉಂಡಿಯ ಮಾತು ಬಿಡಿ, ಅವಳು ಹಾಗೆ ನೋಡುವುದನ್ನು ಕಂಡು ನನಗೆ ನಿಜಕ್ಕೂ ಕೆಟ್ಟೆನಿಸಿತು. ಪಂಚಮಿಗೆ ತವರಿನಿಂದ ಕರೆ ಬಾರದ ಹೆಣ್ಣುಮಗಳಿಗೆ ಓಣಿಯಲ್ಲಿ ಎಷ್ಟು ಜನಕ್ಕೆ ಉತ್ತರ ಹೇಳಬೇಕಾಗುತ್ತದೆ ಎಂಬುದು ಗಂಡಸರಿಗೆ ತಿಳಿಯುವುದಿಲ್ಲ.

ಕಡೆಗೆ ಖಾದರ್‌ನಿಂದ ಆ ತುಣುಕನ್ನು ಮೊಬೈಲಿಗೆ ತರಿಸಿಕೊಂಡೆ. ಅಭ್ಯಾಸಬಲ, ಅದಕ್ಕೂ ಅವನು ಶಹನಾಯಿ ಹಾಕಿ ಮೇಲಿಂದ ಗುಲಾಬಿ ಪಕಳೆ ಉದುರಿಸಿದ್ದ. “ನೋಡು, ನೀನ ಹಣಿ ಬಡಕೊಂಡೀದಿ. ಗೋಲ್ ಆಗಿದ್ರ ಯಾಕ್ ಬಡಕೋತಿದ್ದಿ?” ಎಂದು ವಕೀಲನಂತೆ ಕೇಳಿದೆ.

ಅವಳು ಒಮ್ಮೆ ನೋಡಿದಳು. ಮತ್ತೊಮ್ಮೆ ನೋಡಿದಳು. ಆಮೇಲೆ ಎರಡು ಬೆರಳಿಟ್ಟು ಚಿತ್ರದ ಮೂಲೆಯನ್ನು ದೊಡ್ಡದು ಮಾಡಿದಳು. ಅಲ್ಲಿ ಪಕಳೆಗಳ ನಡುವೆ ಕರಿ ಅಂಗಿಯವನೊಬ್ಬ ಸೀಟಿ ಕಚ್ಚಿಕೊಂಡು ನಿಂತಿದ್ದ. ಗೋಲಿಗೆ ಬೆನ್ನು, ಶಾಮಿಯಾನಕ್ಕೆ ಮುಖ.

“ಚೆಂಡು ಆ ಕಡೆ ಐತಿ. ನೀವ್ಯಾಕ ಈ ಕಡೆ ನೋಡಾಕತ್ತೀರಿ?”

“ಧೂಳಾಗ ಏನೂ ಕಾಣಲಿಲ್ಲ...”

“ಚೆಂಡು ಕಾಣಲಿಲ್ಲ, ನಾ ಕಂಡ್ನಿ?”

ಅಂಗಿ ಕೊಳ್ಳುವಾಗ, ಬೀಗರ ಮನೆಯಲ್ಲಿ ಎರಡನೇ ಹೋಳಿಗೆಗೆ ಹೂಂ ಎನ್ನುವಾಗ, ಸಾಲ ಕೇಳಿ ಬಂದವರಿಗೆ ಇಲ್ಲ ಎನ್ನುವಾಗ, ಏನೂ ತೋಚದಿದ್ದರೆ ನಾನು ನೋಡುವುದು ಅವಳ ಮುಖವನ್ನೇ. ಅಂದೂ ಕತ್ತು ತಾನಾಗಿ ತಿರುಗಿತ್ತು. ಕೌದಿಯೊಳಗೆ ನನ್ನನ್ನು ನಾನು ಗಮನಿಸಿರಲಿಲ್ಲ. ಅಲ್ಲಿಯೂ ಅವಳನ್ನೇ ನೋಡುತ್ತಿದ್ದೆನಲ್ಲ.

ಗಿರಿಜಾ ಫೋನು ಹಚ್ಚಿದಳು. “ಮಂಜಾ, ಗೋಲ್ ಆಗಿದ್ದಿಲ್ಲಪಾ. ತಮ್ಮ ಅಂತ ನಾನೂ ನಿನ್ನ ಕಡೆ ಮಾತಾಡಿದ್ನಿ. ಆ ಹುಡುಗ ಕಂಬದ ಮುಂದನ ಚೆಂಡಿನ ಮ್ಯಾಲ ಬಿದ್ದಾನ. ನಾ ನೋಡೇನಿ.”

“ಮತ್ತ ಮಾಮಾ ಏನ್ ನೋಡ್ಯಾರ?”

“ಅವರು ನನ್ನ ನೋಡ್ಯಾರ.”

ಅಕ್ಕ ತಮ್ಮ ಇಬ್ಬರೂ ಬಿದ್ದು ಬಿದ್ದು ನಕ್ಕರು. ನಗುವಿಗೆ ಕಾರಣ ನಾನೇ ಆದರೂ ನನಗೂ ಹಗುರವಾಯಿತು.

ಪಂಚಮಿಯ ಹಿಂದಿನ ದಿನ ಮಂಜು ಬೈಕಿನಲ್ಲಿ ಬಂದ. ಕೈಯಲ್ಲಿ ಡಬ್ಬಿ ಇತ್ತು. ನಾನು ಕೈ ಚಾಚಿದೆ. ಅವನು ನನ್ನನ್ನು ದಾಟಿ ಹೋಗಿ “ರೆಫ್ರಿ ಕೈಯಾಗ ಕೊಡ್ತೀನ್ರಿ ಮಾಮಾ,” ಎಂದು ಡಬ್ಬಿಯನ್ನು ಅಕ್ಕನ ಕೈಗಿಟ್ಟ. ಅವಳು ಮುಚ್ಚಳ ತೆಗೆದು ನನ್ನ ಮುಂದೆ ಹಿಡಿದಳು. ನನಗೆ ಸಕ್ಕರೆ ಕಾಯಿಲೆ ಶುರುವಾಗಿ ವರ್ಷವಾಗಿದೆ. ಎಷ್ಟು ತೆಗೆದುಕೊಳ್ಳಬಹುದೆಂದು ಅವಳ ಮುಖ ನೋಡಿದೆ. ಒಂದು ಎಂದಿತ್ತು. ಆ ತೀರ್ಪಿಗೆ ವಿಡಿಯೋ ಕೇಳುವ ಧೈರ್ಯ ನನಗಾಗಲಿಲ್ಲ.