ಸರೋಜಮ್ಮನ ಖಾಲಿ ಡಬ್ಬಿ

ಕಳೆದ ಗಣೇಶನ ಹಬ್ಬದ ದಿನ ಬೆಳಗ್ಗೆ ಹನ್ನೊಂದು ಗಂಟೆಗೆ ಮೂಡಲಪಾಳ್ಯದ ನಮ್ಮ ಮನೆಗೆ ಒಂದು ಸ್ಟೀಲ್ ಡಬ್ಬಿ ಬಂತು. ಒಳಗೆ ಹದಿನಾಲ್ಕು ಕರಿಗಡುಬು. ತಂದವರು ಎರಡು ಮನೆ ಆಚೆಯ ಸರೋಜಮ್ಮ, ನನ್ನ ಹೆಂಡತಿ ವಿಮಲಾಗೆ ಹನ್ನೆರಡು ವರ್ಷಗಳಿಂದ ಗೆಳತಿ. ಗಡುಬು ಮರುದಿನವೇ ಮುಗಿದವು. ಡಬ್ಬಿ ಫೆಬ್ರುವರಿಯವರೆಗೂ ನಮ್ಮಲ್ಲೇ ಇತ್ತು. ಇಲ್ಲಿಯವರೆಗೆ ವಿವಾದವಿಲ್ಲ.

ವಿವಾದವಿರುವುದು ಡಬ್ಬಿ ಏಕೆ ಹಿಂದಿರುಗಲಿಲ್ಲ ಎಂಬುದರಲ್ಲಿ. ಇನ್ನೊಬ್ಬರ ಪಾತ್ರೆಯನ್ನು ಖಾಲಿ ಕೊಡಬಾರದು ಎಂಬುದು ನಮ್ಮ ಬೀದಿಯಲ್ಲಿ ಯಾರೂ ಬರೆದಿಡದ, ಎಲ್ಲರೂ ಪಾಲಿಸುವ ಕಾನೂನು. ದಸರೆಗೆ ಕೊಬ್ಬರಿ ಮಿಠಾಯಿ ತುಂಬಿಸಿ ಕೊಡೋಣವೆಂದು ವಿಮಲಾ ಹೊರಟಳು, ಪಾಕ ಸೀದುಹೋಯಿತು. ದೀಪಾವಳಿಗೆ ದೂರದ ದೊಡ್ಡಪ್ಪನೊಬ್ಬರು ತೀರಿಕೊಂಡು ಸೂತಕ ಬಂತು. ಸಂಕ್ರಾಂತಿಗೆ ಎಳ್ಳು ಬೆಲ್ಲವನ್ನಾದರೂ ಹಾಕಿ ಕೊಡು ಎಂದೆ. "ಎಳ್ಳು ಬೀದಿಗೆಲ್ಲ ಬೀರೋದು ರೀ. ಇಷ್ಟು ತಿಂಗಳು ಇಟ್ಕೊಂಡು ಎಳ್ಳು ಹಾಕಿ ಕೊಟ್ರೆ ಏನಂದ್ಕೋತಾರೆ?" ಎಂದಳು. ತಡವಾದಷ್ಟೂ ಒಳಗಿನ ತಿಂಡಿ ಘನವಾಗಬೇಕಂತೆ. ಹೀಗೇ ಹೋದರೆ ಯುಗಾದಿಯ ಹೊತ್ತಿಗೆ ಆ ಡಬ್ಬಿಯಲ್ಲಿ ಪೂರ್ತಿ ಮದುವೆ ಊಟ ಹಿಡಿಸಬೇಕಾಗುತ್ತಿತ್ತು.

ಅಷ್ಟರಲ್ಲಿ ವಿಮಲಾ ಸರೋಜಮ್ಮನ ಕಣ್ಣು ತಪ್ಪಿಸಿ ಓಡಾಡತೊಡಗಿದ್ದಳು. ಇಬ್ಬರ ಸಂಜೆಯ ವಾಕಿಂಗ್ ನಿಂತಿತು. ಸೊಪ್ಪು ತರಲು ಹಿಂದಿನ ಬೀದಿ ಸುತ್ತಿಕೊಂಡು ಹೋಗುತ್ತಿದ್ದಳು. ಡಬ್ಬಿಯ ಮೈಮೇಲೆ ಚುಕ್ಕಿ ಚುಕ್ಕಿಯಾಗಿ ಕೊರೆದ ಹೆಸರು ಕಾಣದಂತೆ ಅದನ್ನು ಗೋಡೆಯ ಕಡೆ ತಿರುಗಿಸಿಟ್ಟಿದ್ದಳು. ಆಗ ಬಂದ ಸುದ್ದಿ: ಬರುವ ಭಾನುವಾರ ಸರೋಜಮ್ಮ ಮನೆ ಖಾಲಿ ಮಾಡಿ ಕೆಂಗೇರಿ ಉಪನಗರಕ್ಕೆ ಹೋಗುತ್ತಿದ್ದಾರೆ.

ಅದೇ ವಾರ ನನಗೊಂದು ಭಾಷಣ ಗಂಟುಬಿದ್ದಿತ್ತು. ರಾಜರಾಜೇಶ್ವರಿನಗರದ ಅಪಾರ್ಟ್‌ಮೆಂಟೊಂದರ ಓದುಗರ ಬಳಗದಲ್ಲಿ, ಶನಿವಾರ ಸಂಜೆ, 'ಸಾಹಿತ್ಯದಲ್ಲಿ ನಾಚಿಕೆ'. ಊಟದ ಮೇಜಿನ ಮೇಲೆ ಪುಸ್ತಕ ಹರಡಿಕೊಂಡು ಟಿಪ್ಪಣಿ ಮಾಡಿಕೊಂಡೆ. ಪುಸ್ತಕಗಳಲ್ಲಿ ನಾಚಿಕೆಗೆ ಒಂದು ಗತ್ತಿದೆ. ಅವಮಾನಗೊಂಡ ರಾಜ ಕಾಡಿಗೆ ಹೋಗುತ್ತಾನೆ. ಪೇಟ ಬಿದ್ದ ಗೌಡ ಊರು ಬಿಡುತ್ತಾನೆ. ನಾಯಕಿ ಕೆನ್ನೆ ಕೆಂಪಾಗಿಸಿಕೊಂಡು ಕಾಲ್ಬೆರಳಿನಿಂದ ನೆಲ ಗೀಚುತ್ತಾಳೆ. ನಮ್ಮ ಮನೆಯಲ್ಲಿ ಯಾರೂ ನೆಲ ಗೀಚಿದ್ದನ್ನು ನಾನು ನೋಡಿಲ್ಲ. ನಮ್ಮದು ಟೈಲ್ಸ್, ಗೀಚಿದರೂ ಗೀರು ಬೀಳುವುದಿಲ್ಲ. ನಾನಾದರೂ ಇಪ್ಪತ್ತಾರು ವರ್ಷ ಸುದ್ದಿಮನೆಯಲ್ಲಿ ಕೂತು, ನಾಡೇ ತಲೆತಗ್ಗಿಸಬೇಕು ಎಂಬ ತಲೆಬರಹವನ್ನು ಎಷ್ಟು ಸಲ ಕೊಟ್ಟಿದ್ದೇನೋ. ನಾಡು ತಗ್ಗಿಸಿದ ವರದಿ ಒಮ್ಮೆಯೂ ಬಂದಿಲ್ಲ. ಒಂದು ಡಬ್ಬಿಗೆ ತಲೆತಗ್ಗಿಸಿ ಹಿಂದಿನ ಬೀದಿಯಲ್ಲಿ ಸೊಪ್ಪು ತರುವವಳ ಬಗ್ಗೆ ಯಾವ ಪುಸ್ತಕದಲ್ಲೂ ಒಂದು ಸಾಲಿರಲಿಲ್ಲ.

ಶನಿವಾರ ಬೆಳಗ್ಗೆ ತಾಳ್ಮೆ ಕೆಟ್ಟಿತು. "ಖಾಲಿಯೇ ಕೊಟ್ಟು ಬರ್ತೀನಿ. ಡಬ್ಬಿ ಅವರದು, ಕೊಡೋದು ನಾವು. ಇದರಲ್ಲಿ ನಾಚ್ಕೊಳ್ಳೋದು ಏನಿದೆ?" ಎಂದೆ.

"ಹೋಗಿ, ನಿಮಗೇನು. ಪೇಪರ್‌ನೋರಿಗೆ ನಾಚಿಕೆ ಇದ್ರೆ ಕೆಲಸ ನಡೆಯುತ್ತಾ?" ಎಂದಳು ವಿಮಲಾ.

ಸರೋಜಮ್ಮನ ಗೇಟಿನವರೆಗೆ ನಾನು ಸರಿಯಾಗಿಯೇ ಇದ್ದೆ. ಚಿಲಕ ತೆಗೆಯುವಾಗ ಡಬ್ಬಿ ಗೇಟಿಗೆ ತಗುಲಿ ಟಣ್ ಎಂದಿತು. ಖಾಲಿ ಡಬ್ಬಿ ಎಷ್ಟು ದೂರ ಕೇಳಿಸುತ್ತದೆ ಎಂಬುದು ಆಗಲೇ ಗೊತ್ತಾದದ್ದು. ಚಿಲಕ ಹಾಕಿ, ಸರ್ಕಲ್‌ನ ಕಾಂಡಿಮೆಂಟ್ಸ್ ಅಂಗಡಿಗೆ ನಡೆದು, ಅರ್ಧ ಕೆಜಿ ಕೋಡುಬಳೆ ಕೊಂಡು, ಫುಟ್‌ಪಾತಿನಲ್ಲೇ ನಿಂತು ಡಬ್ಬಿಗೆ ಸುರಿದೆ. ಕವರನ್ನು ಜೇಬಿಗೆ ತುರುಕಿದೆ.

ಪ್ಯಾಕಿಂಗ್ ಮಾಡುತ್ತಿದ್ದ ಸರೋಜಮ್ಮ ಒಂದು ಕೋಡುಬಳೆ ಮುರಿದು ಬಾಯಿಗೆ ಹಾಕಿಕೊಂಡರು. "ವಿಮಲಾ ಮಾಡಿದ್ದು" ಎಂದೆ.

"ಸರ್ಕಲ್ ಅಂಗಡೀದು ಚೆನ್ನಾಗಿರುತ್ತೆ ಸಾರ್. ನಾನೂ ಅಲ್ಲೇ ತರೋದು" ಎಂದರು. ಆಮೇಲೆ ದನಿ ತಗ್ಗಿತು. "ಅದಿರಲಿ, ನಾನೇನು ಅಂದೆ ಅಂತ ಅವಳನ್ನ ಕೇಳಿ ಹೇಳ್ತೀರಾ? ಮೂರು ತಿಂಗಳಾಯ್ತು ನನ್ನ ಹತ್ರ ಮಾತಾಡಿ. ಹೀಗೇ ಹೊರಟ್ಹೋಗೋಕೆ ಮನಸ್ಸಾಗ್ತಿಲ್ಲ."

ನಡೆದದ್ದನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಪಾಕ, ಸೂತಕ, ಎಳ್ಳು, ಯಾವುದನ್ನೂ ಬಿಡಲಿಲ್ಲ.

"ಅಯ್ಯೋ, ಒಂದು ಡಬ್ಬಿಗಾ? ನಮ್ಮಿಬ್ಬರ ಮಧ್ಯೆ ಇದೆಲ್ಲ ಬೇಕಿತ್ತಾ ಅವಳಿಗೆ? ಹುಚ್ಚಿ" ಎನ್ನುತ್ತಲೇ ಕೋಡುಬಳೆಯನ್ನು ತಟ್ಟೆಗೆ ಸುರಿದುಕೊಂಡರು. ಡಬ್ಬಿ ಒರೆಸಿದರು. ಕಟ್ಟಿಟ್ಟಿದ್ದ ರಟ್ಟಿನ ಪೆಟ್ಟಿಗೆಯೊಂದನ್ನು ಬಿಚ್ಚಿ ಪುಳಿಯೋಗರೆ ಗೊಜ್ಜಿನ ಜಾಡಿ ತೆಗೆದು, ಡಬ್ಬಿಯ ಕಂಠದವರೆಗೆ ತುಂಬಿಸಿದರು. "ತಗೊಳ್ಳಿ ಸಾರ್. ಬರಿಗೈಲಿ ಕಳಿಸಕ್ಕಾಗತ್ತಾ?"

ಬಾಗಿಲು ತೆರೆದ ವಿಮಲಾ ನನ್ನ ಕೈಯಲ್ಲಿದ್ದ ಡಬ್ಬಿಯನ್ನು ನೋಡಿದಳು. ಮುಚ್ಚಳ ಎತ್ತಿ ಒಳಗೂ ನೋಡಿದಳು.

"ಬೇಡ ಅನ್ನೋಕೆ ಬಾಯಿರಲಿಲ್ವಾ ನಿಮಗೆ?"

"ಹೇಗನ್ನೋದು? ಏನಂದ್ಕೋತಾರೆ?" ಎಂದೆ.

ಸಂಜೆ ನಲವತ್ತು ನಿಮಿಷ ಭಾಷಣ ಮಾಡಿದೆ. ಡಬ್ಬಿಯ ವಿಷಯ ಎತ್ತಲಿಲ್ಲ. ಭಾನುವಾರ ಬೆಳಗ್ಗೆ ವಿಮಲಾ ಮನೆ ಮುಂದಿನ ಬೀದಿಯಲ್ಲೇ ನಡೆದು ಸರೋಜಮ್ಮನ ಮನೆಗೆ ಹೋದಳು. ಸಾಮಾನು ತುಂಬಿದ ಲಾರಿ ಮೂರು ಸಲ ಹಾರ್ನ್ ಹೊಡೆಯುವವರೆಗೂ ಇಬ್ಬರೂ ಗೇಟಿನಲ್ಲಿ ನಿಂತು ಮಾತಾಡಿದರು. ಬುಧವಾರ ಗೊಜ್ಜು ಮುಗಿಯಿತು. ಡಬ್ಬಿಯನ್ನು ತೊಳೆದು, ಒರೆಸಿ, ಹೆಸರು ಕಾಣುವಂತೆ ಇಡಲಾಗಿದೆ.