ನನಗೆ ವಕೀಲರನ್ನು ಆರಿಸಿಕೊಟ್ಟ ಬಸವಪ್ಪನವರಿಗೆ

ನಮ್ಮೂರ ಮಾರಮ್ಮನ ಗುಡಿಯ ಬಸವಪ್ಪನವರ ನಾಲ್ಕೂ ಪಾದಗಳಿಗೆ, ಅದರಲ್ಲೂ ಮುಂದಿನ ಬಲಪಾದಕ್ಕೆ ವಿಶೇಷವಾಗಿ, ಅದೇ ಊರಿನ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಬೇಯಿಸುವ, ಏಳನೇ ಕ್ಲಾಸು ಓದಿರುವ, ಐವತ್ತು ತುಂಬಿದ ಪಟ್ಟಲಮ್ಮ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಬಲಗೈ ಭುಜಕ್ಕಿಂತ ಮೇಲೆ ಏಳದ ಕಾರಣ ಎಂಟು ಅಂಗಗಳಲ್ಲಿ ಒಂದು ಅರ್ಧಕ್ಕೇ ನಿಂತಿದೆ. ಉಳಿದ ಏಳೂವರೆಯನ್ನು ದಯವಿಟ್ಟು ಒಪ್ಪಿಸಿಕೊಳ್ಳಬೇಕು.

ಮಾನ್ಯರೇ,

ತಮ್ಮ ಯೋಗ್ಯತೆಯ ಬಗ್ಗೆ ನನ್ನದೇನೂ ತಕರಾರಿಲ್ಲ. ದೇವರ ಹೆಸರಿನಲ್ಲಿ ಬಿಟ್ಟ ಬಸವನಾಗಿ ತಾವು ಹನ್ನೊಂದು ವರ್ಷದಿಂದ ಈ ಸೀಮೆಯ ಕಷ್ಟ ಕೇಳುತ್ತಿದ್ದೀರಿ. ಗುಡಿಗೆ ಪೂಜಾರಿ ಯಾರಾಗಬೇಕೆಂದು ದಾಯಾದಿಗಳು ಕಿತ್ತಾಡಿದಾಗ ಬೀದಿಯುದ್ದಕ್ಕೂ ನಡೆದು ಒಬ್ಬನ ಹೊಸಿಲಲ್ಲಿ ನಿಂತು ಜಗಳ ಮುಗಿಸಿದವರು ತಾವು. ಎಲ್ಲಿ ಬೋರು ಕೊರೆಸಬೇಕೆಂದು ಕಾಲಲ್ಲಿ ಕೆರೆದು ತೋರಿಸಿದವರು ತಾವು. ಇಂಥವರು ಒಬ್ಬ ವಕೀಲರನ್ನು ಆರಿಸಲಾರರೇ ಎಂದುಕೊಂಡು ಬಂದವಳು ನಾನು. ಈ ದೂರನ್ನು ನನ್ನ ಮೇಲೆಯೇ ಕೊಡಬಹುದಿತ್ತು, ಆದರೆ ನನ್ನ ಮೇಲೆ ನಾನೇ ದೂರು ಕೊಟ್ಟರೆ ತೆಗೆದುಕೊಳ್ಳುವ ಆಫೀಸು ಮಂಡ್ಯ ಜಿಲ್ಲೆಯಲ್ಲಿ ಯಾವುದೂ ಇಲ್ಲವಂತೆ.

ನಡೆದದ್ದು ತಮಗೆ ಗೊತ್ತೇ ಇದೆ. ಕಾರ್ತಿಕದ ಒಂದು ಸೋಮವಾರ, ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯಲ್ಲಿ ನಮ್ಮೂರ ಗೇಟಿನ ಹತ್ತಿರ ಬಸ್ಸಿಳಿದು, ಗುಡಿಯ ಕಡೆ ತಿರುಗಿ, ಕಣ್ಣು ಮುಚ್ಚಿ ಕೈ ಮುಗಿಯುತ್ತಿದ್ದಾಗ ಎಳನೀರು ತುಂಬಿದ ಗೂಡ್ಸ್ ಗಾಡಿಯೊಂದು ಬಂದು ಗುದ್ದಿತು. ಕಣ್ಣು ಬಿಟ್ಟಾಗ ಮಂಡ್ಯದ ಆಸ್ಪತ್ರೆ, ಭುಜದೊಳಗೆ ಸ್ಟೀಲಿನ ಪ್ಲೇಟು. ಅದನ್ನು ತೆಗೆಸಲು ಇನ್ನೊಂದು ಆಪರೇಷನ್ ಆಗಬೇಕು. ಅನ್ನದ ಪಾತ್ರೆ ಒಲೆಯಿಂದ ಇಳಿಸಲಾರದ ಅಡುಗೆಯವಳನ್ನು ಶಾಲೆಯಾದರೂ ಎಷ್ಟು ದಿನ ಇಟ್ಟುಕೊಂಡೀತು? ಆರು ತಿಂಗಳೊಳಗೆ ಪರಿಹಾರದ ಕೇಸು ಹಾಕದಿದ್ದರೆ ಆಮೇಲೆ ಕಷ್ಟ ಎಂದು ಎಲ್ಲರೂ ಎಚ್ಚರಿಸಿದ್ದರು.

ನನ್ನ ಕೈಗೆ ಎರಡು ಕಾರ್ಡು ಬಂದವು. ಒಂದು ಮಂಡ್ಯದ ಗುತ್ತಲಿನಲ್ಲಿರುವ ಶ್ವೇತ ಎಂಬ ವಕೀಲರದ್ದು, ಅಪಘಾತದ ಕೇಸುಗಳನ್ನೇ ನಡೆಸುವವರು. ಆ ಹೆಣ್ಣುಮಗಳು ನನ್ನನ್ನು ಕೂರಿಸಿ, ಎಫ್‌ಐಆರ್ ಎಲ್ಲಿ, ಡಿಸ್ಚಾರ್ಜ್ ಚೀಟಿ ಎಲ್ಲಿ ಎಂದು ಒಂದೊಂದೇ ಕೇಳಿ, ಕೊನೆಗೆ “ಅಮ್ಮಾ, ಗಾಡಿ ಬಂದಾಗ ನೀವು ಸರಿಯಾಗಿ ಎಲ್ಲಿ ನಿಂತಿದ್ರಿ? ಏನ್ ಮಾಡ್ತಿದ್ರಿ?” ಎಂದುಬಿಟ್ಟಳು. ಕಣ್ಣು ಮುಚ್ಚಿದ್ದೆ ಎಂದರೆ ತಪ್ಪೆಲ್ಲ ನನ್ನ ತಲೆಗೇ ಬರುತ್ತದೆಂದು ಹೆದರಿ, ಹೆದರಿದ್ದಕ್ಕೆ ಸಿಟ್ಟೂ ಬಂದು, “ಗ್ಯಾಪಕ ಇಲ್ಲ ಕಣವ್ವ” ಎಂದು ಎದ್ದು ಬಂದೆ. ಇನ್ನೊಂದು ಕಾರ್ಡು ಮದ್ದೂರಿನ ಯತೀಶ್ ಅವರದ್ದು. ಅವರು ವಡೆ ತರಿಸಿದರು. ನನ್ನ ಚಿಕ್ಕಪ್ಪನಿಗೂ ಅವರ ಅತ್ತೆಗೂ ನಂಟು ಹುಡುಕಿದರು. “ತಲೆ ಕೆಡ್ಸ್ಕಬ್ಯಾಡಿ ಕಣಕ್ಕ, ಎಲ್ಲಾ ನಂಗ್ ಬುಡಿ” ಎಂದರು. ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ಕೇಳದೆಯೇ ಎಲ್ಲ ತಿಳಿಯುವ ಇವರು ಎಂಥ ದೊಡ್ಡ ಲಾಯರಿರಬೇಕು ಎಂದುಕೊಂಡೆ.

ಆದರೂ ತಮ್ಮನ್ನು ಕೇಳದೆ ಹೆಜ್ಜೆ ಇಡುವ ಹೆಂಗಸಲ್ಲ ನಾನು. ಗುಡಿಯ ಮುಂದೆ ಬಿಳಿ ಪಂಚೆ ಹಾಸಿ ಎರಡೂ ಕಾರ್ಡು ಇಟ್ಟೆ. ಯಾವುದರ ಮೇಲೆ ತಮ್ಮ ಪಾದ ಬೀಳುತ್ತದೋ ಅವರೇ ವಕೀಲರು. ತಮ್ಮನ್ನು ನಡೆಸುವ ಮಹದೇವು ಜಾಗಟೆ ಬಾರಿಸಿದ, ತಾವು ಜೂಲು ಹೊದ್ದು ಗಂಭೀರವಾಗಿ ಬಂದು ಯತೀಶರ ಕಾರ್ಡಿನ ಮೇಲೆ ಪಾದ ಊರಿದಿರಿ. ನಾನು ಊರ ಮುಂದೆ ಗಳಗಳನೆ ಅತ್ತೆ.

ಆಮೇಲಿನದು ತಮಗೆ ಗೊತ್ತಿರಲಾರದು. ಗೊರಸಿನ ಗುರುತು ಬಿದ್ದ ಆ ಕಾರ್ಡಿಗೆ ಯತೀಶರು ಕಟ್ಟು ಹಾಕಿಸಿ ಆಫೀಸಿನಲ್ಲಿ ನೇತುಹಾಕಿದ್ದಾರೆ. ಅದನ್ನು ನೋಡಿಯೇ ಎಷ್ಟೋ ಜನ ಬರುತ್ತಾರಂತೆ. ನಾಲ್ಕು ತಿಂಗಳು ಹೀಗೇ ಹೋದ ಮೇಲೆ ನನ್ನ ತಂಗಿಯ ಮಗಳು ವನಜಾ, “ದೊಡ್ಡವ್ವ, ಕೇಸ್ ನಂಬರ್ ಕೊಡು, ಮೊಬೈಲಲ್ಲೇ ನೋಡಾನ” ಎಂದಳು. ನಂಬರಿರಲಿ, ಕೇಸೇ ಇರಲಿಲ್ಲ. ಫೋನು ಮಾಡಿದರೆ ಯತೀಶರು, “ಬಸವಪ್ಪನೇ ನನ್ ಕೈಗೆ ಕೊಟ್ಟಿರುವಾಗ ಯಾಕಕ್ಕ ಇಷ್ಟು ಅವಸ್ರ?” ಎಂದರು. ಅವರು ಇಲ್ಲಿಯವರೆಗೆ ನಡೆಸಿದ್ದೆಲ್ಲ ಜಮೀನು ಪಾಲಿನ ಕೇಸುಗಳಂತೆ. ಅಪಘಾತದ ಕೇಸು ನನ್ನದೇ ಮೊದಲಂತೆ.

ಆದ್ದರಿಂದ ತಮ್ಮಲ್ಲಿ ಕೆಲವು ಬಿನ್ನಹಗಳಿವೆ. ಪೂಜಾರಿ, ಬೋರು, ಮದುವೆ ಇವು ತಮ್ಮ ಇಲಾಖೆ, ಕೋರ್ಟು ಕಚೇರಿ ಅಲ್ಲ ಎಂದು ಕೊಂಬಿಗೊಂದು ಬೋರ್ಡು ಕಟ್ಟಿಸಿಕೊಳ್ಳಬೇಕು. ಅದಾಗದಿದ್ದರೆ ತಾವೇ ಕಪ್ಪು ಕೋಟು ಹೊದ್ದು ಮಂಡ್ಯದ ಕೋರ್ಟಿಗೆ ಬಂದು ನನ್ನ ಪರ ವಾದಿಸಬೇಕು. ತಾವು ಬರುವುದಾದರೆ ವಾಯಿದೆ ಕೇಳುವ ಧೈರ್ಯ ಎದುರಿನವರಿಗೆ ಇರುವುದಿಲ್ಲ. ಅದೂ ಆಗದಿದ್ದರೆ ಕಳೆದ ನಾಲ್ಕು ತಿಂಗಳನ್ನು ಬಾಲದಲ್ಲಿ ಹಿಂದಕ್ಕೆ ಬೀಸಿಕೊಟ್ಟರೂ ಸಾಕು.

ಇಷ್ಟು ಬರೆದ ಮೇಲೆ ಒಂದು ಮಾತು ಮುಚ್ಚಿಟ್ಟರೆ ಮಾರಮ್ಮ ಮೆಚ್ಚುವುದಿಲ್ಲ. ಅವತ್ತು ಶ್ವೇತಳ ಕಾರ್ಡಿನ ಮುಂದೆ ನಾನು ಇಟ್ಟದ್ದು ಎರಡು ವೀಳ್ಯದೆಲೆ, ಯತೀಶರ ಕಾರ್ಡಿನ ಮುಂದೆ ಒಂದು ಚಿಪ್ಪು ಏಲಕ್ಕಿ ಬಾಳೆ ಮತ್ತು ಮುಷ್ಟಿಯಷ್ಟು ಬೆಲ್ಲ. ನನ್ನ ಯಜಮಾನರಾದ ಚಿಕ್ಕಮಾದು ಆಗಲೇ, “ಏನಮ್ಮಿ, ಒಂದ್ಕಡೆ ಬರೀ ಎಲೆ, ಇನ್ನೊಂದ್ಕಡೆ ಬಾಡೂಟದಂಗೆ ರಾಸಿ. ಇದು ಬಸವಪ್ಪನ್ನ ಕೇಳದಾ, ಬಸವಪ್ಪಂಗೆ ಹೇಳ್ಕೊಡದಾ?” ಎಂದಿದ್ದರು. ದೇವರ ಕಾರ್ಯದಲ್ಲಿ ಬಾಡಿನ ಮಾತೆತ್ತಿದರೆಂದು ಅವರನ್ನೇ ಬೈದು ಬಾಯಿ ಮುಚ್ಚಿಸಿದೆ. ಬೆಳಗಿನಿಂದ ಉಪವಾಸವಿದ್ದ ತಾವು ಇನ್ನೆಲ್ಲಿಗೆ ಹೋಗಬೇಕಿತ್ತು? ತಾವು ಆರಿಸಿದ್ದು ಬಾಳೆಹಣ್ಣು. ನಾನು ಆರಿಸಿದ್ದು ನನ್ನನ್ನು ಏನೂ ಕೇಳದ ಲಾಯರನ್ನು.

ಕಡೆಗೆ ಯತೀಶರಿಂದ ಕಾಗದಗಳನ್ನು ವಾಪಸು ತೆಗೆದುಕೊಂಡು, ಯಾರನ್ನೂ ಕೇಳದೆ, ಪಂಚಾಂಗವನ್ನೂ ನೋಡದೆ, ಗುತ್ತಲಿಗೆ ಹೋದೆ. ಶ್ವೇತ ಅದೇ ಪ್ರಶ್ನೆಯನ್ನೇ ಮತ್ತೆ ಕೇಳಿದಳು. ರಸ್ತೆಯಂಚಿನ ಬಿಳಿ ಗೆರೆಯಿಂದ ಆಚೆ, ಮಣ್ಣಿನ ಮೇಲೆ ನಿಂತು, ಕಣ್ಣು ಮುಚ್ಚಿ ಕೈ ಮುಗಿಯುತ್ತಿದ್ದೆ ಎಂದು ನೆಲ ನೋಡುತ್ತ ಹೇಳಿದೆ. ಅವಳು ಪೊಲೀಸರ ನಕ್ಷೆ ಬಿಡಿಸಿ, ಟೈರಿನ ಗುರುತು ಗೆರೆ ದಾಟಿ ಮಣ್ಣಿಗೆ ಇಳಿದಿರುವುದನ್ನು ಬೆರಳಿಟ್ಟು ತೋರಿಸಿ, “ನೀವು ಕಣ್ಣು ಮುಚ್ಚಿದ್ರೂ ನಿಲ್ಲೋ ಜಾಗದಲ್ಲೇ ನಿಂತಿದ್ರಿ, ಅವನು ಕಣ್ಣು ಬಿಟ್ಕೊಂಡು ಅಲ್ಲಿಗೆ ಬಂದ. ಇದನ್ನ ಹೇಳೋಕೆ ನಾಲ್ಕು ತಿಂಗಳು ಬೇಕಾಯ್ತಾ ಅಮ್ಮಾ?” ಎಂದಳು. ಆರು ತಿಂಗಳ ಗಡುವು ಮುಗಿಯಲು ಒಂಬತ್ತು ದಿನ ಇರುವಾಗ ಕೇಸು ದಾಖಲಾಯಿತು. ಏನು ಬರುತ್ತದೋ ಗೊತ್ತಿಲ್ಲ, ಅವಳೂ ಮಾತು ಕೊಟ್ಟಿಲ್ಲ. ಕಟಕಟೆಯಲ್ಲಿ ನಿಂತು ಇದನ್ನೇ ಇನ್ನೊಮ್ಮೆ ಹೇಳಬೇಕಂತೆ. ಹೇಳುತ್ತೇನೆ.

ಇತಿ, ಮಿಕ್ಕೆಲ್ಲ ವಿಷಯಗಳಲ್ಲಿ
ತಮ್ಮ ವಿಶ್ವಾಸಿ,
ಪಟ್ಟಲಮ್ಮ

ಮರೆತ ಮಾತು: ವಕೀಲರ ಸಂಘದ ಚುನಾವಣೆಗೆ ನಿಲ್ಲಬೇಕೋ ಬೇಡವೋ ಎಂದು ಕೇಳಲು ಯತೀಶರು ಬರುವ ಮಂಗಳವಾರ ತಮ್ಮ ಸನ್ನಿಧಿಗೆ ಬರುತ್ತಾರಂತೆ. ದಯವಿಟ್ಟು ನಿಲ್ಲು ಎಂದು ಎರಡೂ ಪಾದ ಕೊಟ್ಟುಬಿಡಿ. ಗೆದ್ದರೆ ಅವರಿಗೆ ಕೇಸು ಹಿಡಿಯಲು ಪುರುಸೊತ್ತು ಇರುವುದಿಲ್ಲ, ಈ ಸೀಮೆಯ ಕೈಕಾಲು ಮುರಿದವರೆಲ್ಲ ತಮ್ಮ ಹೆಸರಿನಲ್ಲಿ ದೀಪ ಹಚ್ಚುತ್ತಾರೆ.