ಮ್ಯಾಕಿನ ಹೊಟ್ಟೆಯಲ್ಲಿ ವಿಂಡೋಸು

ಕಂಪ್ಯೂಟರ್ ರಿಪೇರಿಗೆ ಅಂತ ಮಂದಿಯ ಮನೆಗೆ ಹೋದವನು ಬರೀ ಕೈಯಲ್ಲಿ ವಾಪಸು ಬರುವುದಿಲ್ಲ. ಏನಾದರೊಂದು ಪ್ರಸಂಗ ಜೋಳಿಗೆಗೆ ಬಿದ್ದೇ ಬೀಳುತ್ತದೆ. ಜಮಖಂಡಿಯ ಬಸ್ ಸ್ಟ್ಯಾಂಡಿನ ಹತ್ತಿರ ನನ್ನ ಅಂಗಡಿ. ಮುಧೋಳವಿರಲಿ, ಬೀಳಗಿಯಿರಲಿ, ಸಾವಳಗಿಯಿರಲಿ, ಫೋನ್ ಬಂತೆಂದರೆ ಬ್ಯಾಗು ಹೆಗಲಿಗೆ ಹಾಕಿ ಬಸ್ಸು ಹತ್ತುವವನು ನಾನು. ‘ಆಗಂಗಿಲ್ಲ’ ಅನ್ನುವ ಮಾತು ನನ್ನ ಬಾಯಿಂದ ಯಾರೂ ಕೇಳಿಲ್ಲ. ಹೊಗಳಿಕೊಳ್ಳುತ್ತಿಲ್ಲ, ಇದ್ದದ್ದನ್ನು ಹೇಳುತ್ತಿದ್ದೇನೆ. ಆದರೆ ಬನಹಟ್ಟಿಯ ಒಂದು ನೇಕಾರರ ಮನೆಯಲ್ಲಿ, ಒಂದೇ ಕಂಪ್ಯೂಟರಿನ ಮುಂದೆ ನಡೆದದ್ದಿದೆಯಲ್ಲ, ಉಳಿದ ಎಲ್ಲಾ ಊರುಗಳದ್ದನ್ನು ಒಂದು ತಕ್ಕಡಿಗೆ ಹಾಕಿದರೂ ಅದರ ಸಮ ತೂಗಲಿಕ್ಕಿಲ್ಲ.

೧. ಇಲ್ಲದ ಕಂಪ್ಯೂಟರು

ಆ ಮನೆಯ ಸಾಹುಕಾರರಿಗೆ ಎಂಟು ಪವರ್‌ಲೂಮ್ ಮಗ್ಗ. ಅದರಲ್ಲಿ ಎರಡು ಕೆಲಸವಿಲ್ಲದೆ ಬಂದ್ ಆಗಿದ್ದವು. ಬಂದ್ ಆದ ಮಗ್ಗದ ಮುಂದೆ ಹಾಯುವಾಗ ಅವರು ಆ ಕಡೆ ಮುಖ ಮಾಡುತ್ತಿರಲಿಲ್ಲ. ಅಲ್ಲಿಯವರೆಗೆ ಮಂದಿಯ ನಕ್ಷೆಯನ್ನೇ ನೇಯ್ದವರು, ಈಗ ತಮ್ಮದೇ ಒಂದು ಸೆರಗಿನ ನಕ್ಷೆ ಮಾಡಿಯೇ ತೀರುತ್ತೇನೆಂದು ಪಣ ತೊಟ್ಟಿದ್ದರು. ಹುಬ್ಬಳ್ಳಿಯ ಸೀರೆ ವ್ಯಾಪಾರಿಯೊಬ್ಬರು ಮಾತು ಕೊಟ್ಟಿದ್ದರು: “ಹೊಸಾ ಸೆರಗು ತೋರಸ್ರಿ. ಮನಸಿಗೆ ಬಂದ್ರ ಮದುವಿ ಸೀಜನ್ ಪೂರಾ ನಿಮಗ.” ಆ ಸೆರಗು ಪಾಸಾದರೆ ಎರಡು ಮಗ್ಗ ಮತ್ತೆ ಏಳುತ್ತವೆ, ಇಲ್ಲವಾದರೆ ಗುಜರಿಗೆ.

ನಕ್ಷೆ ಬರೆಯಲು ಸಾಹುಕಾರರು ಇಚಲಕರಂಜಿಯಿಂದ ಒಂದು ಹಳೆಯ ಮ್ಯಾಕ್ ತಂದಿದ್ದರು. ನೂಲು ತರಲು ಹೋದವರು ಕಂಪ್ಯೂಟರ್ ತಂದರು. ಮಗ್ಗಕ್ಕೆ ನಕ್ಷೆ ಸಿದ್ಧ ಮಾಡುವ ಸಾಫ್ಟ್‌ವೇರ್ ನಡೆಯುವುದು ವಿಂಡೋಸಿನಲ್ಲಿ ಮಾತ್ರ. ಅದರ ಸಿಡಿ ಹಾಕಿದರೆ ಮ್ಯಾಕ್ ಒಮ್ಮೆ ಗುರ್ ಅಂದು ಹೊರಕ್ಕೆ ಉಗುಳಿತು.

“ಇದನ್ನ ಕೊಟ್ಟು ಒಂದು ವಿಂಡೋಸ್ ಕಂಪ್ಯೂಟರ್ ತಗೊಳ್ರಿ” ಅಂದೆ.

ಸಾಹುಕಾರರು ನನ್ನ ರಟ್ಟೆ ಹಿಡಿದು ಪರದೆಯ ಮುಂದೆ ನಿಲ್ಲಿಸಿದರು. ಅಲ್ಲೊಂದು ಕೆಂಪು ಸೀರೆಯ ಚಿತ್ರವಿತ್ತು. “ಈ ಕೆಂಪ ನೋಡ್ರಿ. ಬ್ಯಾರೆದರಾಗ ನೋಡೇನಿ, ಇಟ್ಟಂಗಿ ಬಣ್ಣಾ ಕಾಣ್ತೈತಿ. ಈ ಕೆಂಪ ಬಿಟ್ಟು ನಾ ಬರಂಗಿಲ್ಲ.”

ನೇಕಾರನ ಜತೆ ಬಣ್ಣದ ವಾದ ಮಾಡಬಾರದು. “ಹಂಗಾರ ಇದರ ಹೊಟ್ಟ್ಯಾಗನ ಒಂದು ವಿಂಡೋಸ್ ಕಂಪ್ಯೂಟರ್ ಕೂಡಸ್ತೇನಿ” ಅಂದೆ.

ಅವರು ಮ್ಯಾಕನ್ನು ಮುಂದಿನಿಂದ ನೋಡಿದರು, ಬಗ್ಗಿ ಬದಿಯಿಂದ ನೋಡಿದರು. “ಎಲ್ಲಿ ಹಿಡೀತೈತ್ರಿ? ಇದರಾಗ ನಾಕು ರೊಟ್ಟಿ ಹಿಡಿಯಂಗಿಲ್ಲ.”

“ಅದು ಖರೇ ಕಂಪ್ಯೂಟರ್ ಅಲ್ರಿ. ವರ್ಚುವಲ್ ಮಷಿನ್ ಅಂತಾರ. ಇಲ್ಲದ ಕಂಪ್ಯೂಟರ್. ಆದ್ರ ಇದ್ದದ್ರಂಗ ಕೆಲಸ ಮಾಡ್ತೈತಿ.”

ಸಾಹುಕಾರರು ಒಳಗೆ ಅಡುಗೆಮನೆಯಲ್ಲಿದ್ದ ತಾಯಿಗೆ ಕೂಗಿ ಹೇಳಿದರು. ಮಗ್ಗ, ಮನೆ, ಮಂದಿ ಎಲ್ಲದರ ಮೇಲೂ ಕಡೆಯ ಮಾತು ಆ ಮುದುಕಿಯದೇ. ಓಣಿಯೇ ಅವರಿಗೆ ಆಯಿ ಅನ್ನುತ್ತಿತ್ತು. “ಅವ್ವಾ, ಇವ್ರು ಇಲ್ಲದ ಕಂಪ್ಯೂಟರ್ ಕೂಡಸ್ತಾರಂತ. ಅದು ಕೆಲಸಾ ಮಾಡ್ತೈತಂತ.”

ಆಯಿ ರೊಟ್ಟಿ ಬಡಿಯುತ್ತಲೇ ಅಂದರು: “ಕೂಡಸ್ಲಿ ಬಿಡು. ಇದ್ದ ನಿಮ್ಮಣ್ಣ ಕೆಲಸಾ ಮಾಡವಲ್ಲ. ಇಲ್ಲದ್ದಾದ್ರೂ ಮಾಡ್ಲಿ.”

೨. ಬೀಗರ ವಿವರಣೆ

ಕೂಡಿಸಿದೆ. ಮ್ಯಾಕಿನ ಪರದೆಯ ನಡುವೆ ಹಸಿರು ಗುಡ್ಡ, ನೀಲಿ ಆಕಾಶದ ಚಿತ್ರದೊಂದಿಗೆ ವಿಂಡೋಸು ಕಣ್ಣು ಬಿಟ್ಟಿತು. ಆದರೆ ಒಂದರೊಳಗೆ ಇನ್ನೊಂದು ಹೇಗೆ ಬದುಕುತ್ತದೆ ಅಂತ ಸಾಹುಕಾರರಿಗೆ ತಿಳಿಸುವುದರಲ್ಲಿ ನನ್ನ ಗಂಟಲು ಒಣಗಿತು. ಡಬ್ಬಿಯೊಳಗೆ ಡಬ್ಬಿ ಅಂದೆ. ಮನೆಯೊಳಗೆ ಬಾಡಿಗೆಯವರು ಅಂದೆ. ಅವರು ಎಲ್ಲದಕ್ಕೂ ಹೂಂ ಅಂದು, ಕಡೆಗೆ “ಖರೆ, ಆದ್ರ ಎಲ್ಲೈತಿ?” ಅನ್ನುತ್ತಿದ್ದರು.

ಆವತ್ತು ಬೀಳಗಿ ಕಡೆಯಿಂದ ಅವರ ಬೀಗರು ಬಂದಿದ್ದರು. ಅವರ ಊರು ಆಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿ, ಊರಿಗೆ ಊರೇ ಪುನರ್ವಸತಿ ಕೇಂದ್ರಕ್ಕೆ ಎದ್ದು ಬಂದಿತ್ತು. ಚಹಾ ಕುಡಿಯುತ್ತ ನನ್ನ ಪರದಾಟ ನೋಡಿದವರು ಬಸಿಯನ್ನು ಕೆಳಗಿಟ್ಟರು.

“ಬೀಗರ, ಇದರಾಗ ತಿಳೀಲಾರದ್ದು ಏನೈತಿ? ನಮ್ಮೂರನ್ನ ಎತ್ತಿ ಬ್ಯಾರೆ ಕಡೆ ಇಟ್ರು. ಓಣಿ ಹೆಸರು ಅವ, ಬಾಜೂ ಮನಿಯವ್ರು ಅವ್ರ, ಜಗಳಾನೂ ಅವ. ನಮ್ಮವ್ವಗ ಇನ್ನೂ ಹಳೇ ಊರಾಗ ಅದೇನಿ ಅಂತನ ಅನಸ್ತೈತಿ. ದಿನಾ ಮುಂಜಾನಿ ಹೊಳಿಗೆ ಹೊಂಟೆ ಅಂತ ಕೊಡಾ ತಗೊಂಡು ಹೋಗ್ತಾಳ, ನಳದಾಗ ತುಂಬ್ಕೊಂಡು ಬರ್ತಾಳ. ಈ ವಿಂಡೋಸಿಗೂ ಹಂಗ. ತಾ ತನ್ನ ಡಬ್ಬಿಯೊಳಗನ ಅದೇನಿ ಅಂತ ತಿಳ್ಕೊಂಡೈತಿ. ಹೌದಲ್ರಿ?”

ಹೌದು ಅಂದೆ. ಸಾಹುಕಾರರ ಮುಖ ಮೊದಲ ಸಲ ತಿಳಿಯಾಯಿತು. ಮುಂದೆ ಎಷ್ಟೋ ಗಿರಾಕಿಗಳಿಗೆ ನಾನೂ ಇದನ್ನೇ ಹೇಳಿ ಶಹಬ್ಬಾಸ್ ಅನ್ನಿಸಿಕೊಂಡಿದ್ದೇನೆ, ಅದು ಬೇರೆ ಮಾತು.

“ಆದ್ರ ಒಂದು ಕೇಳ್ತೇನಿ” ಅಂದರು ಬೀಗರು ನನ್ನ ಕಡೆ ತಿರುಗಿ. “ಅದನ್ನ ಎಬ್ಬಿಸಿ ತಂದು ಇಲ್ಲಿ ಕೂಡ್ಸೀರಲ್ಲ, ಹಕ್ಕುಪತ್ರ ಕೊಟ್ಟೀರೋ, ಇಲ್ಲಾ ನಮ್ಮಂಗ ಆಫೀಸಿಂದ ಆಫೀಸಿಗೆ ಅಡ್ಡಾಡಸ್ತೀರೋ?”

ಕೊಂಡು ತಂದ ವಿಂಡೋಸಿನ ಲೈಸೆನ್ಸ್ ನಂಬರನ್ನು ನಾನಿನ್ನೂ ಟೈಪ್ ಮಾಡಿರಲಿಲ್ಲ. ನಾನು ಬಾಯಿ ತೆರೆಯುವುದರೊಳಗೆ ಪರದೆಯ ಮೂಲೆಯಲ್ಲಿ ಟಿಂಗ್ ಅಂತ ಒಂದು ಚೀಟಿ ಎದ್ದಿತು: ನಿಮ್ಮ ವಿಂಡೋಸ್ ಇನ್ನೂ ನೋಂದಣಿಯಾಗಿಲ್ಲ. ಏನು ಬರೆದಿದೆ ಅಂತ ಬೀಗರು ಕೇಳಿದರು, ಓದಿ ಹೇಳಿದೆ.

ಬೀಗರು ಬಸಿ ಎತ್ತಿಕೊಂಡರು. “ಪಾಪ, ಬಂದ ದಿನಾನ ಅರ್ಜಿ ಕೊಟ್ಟೈತಿ.”

೩. ಮೌಸಿನ ಬೆನ್ನು

ಒಂದು ದಿನ ನಕ್ಷೆಯ ಸಾಫ್ಟ್‌ವೇರಿನಲ್ಲಿ ಬಣ್ಣದ ಪಟ್ಟಿ ಮಾಯವಾಯಿತು. ಎಲ್ಲಿ ಅಡಗಿತೋ ನನಗೂ ಸಿಗಲಿಲ್ಲ. ಸಹಾಯವಾಣಿಗೆ ಫೋನ್ ಮಾಡಿ ಅಂದೆ. “ಮ್ಯಾಕ್ ಅಂತ ಮಾತ್ರ ಬಾಯಿ ಬಿಡಬ್ಯಾಡ್ರಿ. ಅಂದ್ರೋ, ನಮಗ ಸಂಬಂಧ ಇಲ್ಲ ಅಂತ ಕೈ ತೊಳ್ಕೊತಾರ.” ಸಾಹುಕಾರರು ಗುಟ್ಟು ಕಾಯುವವರು. ಫೋನಿನ ಸ್ಪೀಕರ್ ಹಚ್ಚಿ ಕೂತರು. ಆ ಕಡೆ ಬೆಂಗಳೂರು ಕನ್ನಡದ ಹುಡುಗಿ.

“ಸರ್, ಮೌಸ್‌ನ ಬಲಗಡೆ ಬಟನ್ ಒತ್ತಿ.”

“ಬಲಗಡೆ ಬಟನ್ ಇಲ್ರಿ.”

“ಮುರಿದುಹೋಗಿದೆಯಾ ಸರ್?”

“ಮುರದಿಲ್ರಿ. ಹುಟ್ಟಾನ ಇಲ್ಲ.”

“ಎಡಗಡೆದು ಇದೆ ತಾನೆ?”

“ಅದೂ ಇಲ್ಲ.”

“ಮಧ್ಯೆ ಒಂದು ಚಕ್ರ ಇರಬೇಕಲ್ಲ ಸರ್?”

“ಚಕ್ರಾನೂ ಇಲ್ರಿ.”

“ಹಾಗಾದ್ರೆ ಮೌಸ್‌ನಲ್ಲಿ ಏನಿದೆ ಸರ್?”

ಸಾಹುಕಾರರು ಆ ನುಣುಪು ಮ್ಯಾಕ್ ಮೌಸನ್ನು ಅಂಗೈಯಲ್ಲಿಟ್ಟು ಮೇಲೆ ಕೆಳಗೆ ತಿರುಗಿಸಿ ನೋಡಿದರು. ಸುಳ್ಳು ಹೇಳಲು ಅವರ ಮನಸ್ಸು ಒಪ್ಪಲಿಲ್ಲ. “ಬೆನ್ನೈತ್ರಿ. ಹೊಟ್ಟೀನೂ ಐತಿ.”

ಹುಡುಗಿ ದೊಡ್ಡ ಸಾಹೇಬರನ್ನು ಕರೆಯುತ್ತೇನೆಂದು ಹೋದಳು. ಬಲಗಡೆ ಅಂದಳಲ್ಲ, ನನಗೆ ಅಷ್ಟು ಸುಳಿವು ಸಾಕಿತ್ತು. ಇಲ್ಲದ ಬಲಗಡೆ ಬಟನ್ನಿನ ಬದಲು ಕೀಲಿಮಣೆಯ ಕಂಟ್ರೋಲ್ ಒತ್ತಿ ಹಿಡಿದು ಮೌಸನ್ನು ಅದುಮಿದೆ. ಅಡಗಿದ್ದ ಪಟ್ಟಿ ಹೊರಗೆ ಬಂತು. ಅಷ್ಟರಲ್ಲಿ ದೊಡ್ಡ ಸಾಹೇಬರು ಲೈನಿಗೆ ಬಂದು ಏನು ಸಮಸ್ಯೆ ಅಂತ ಕೇಳಿದರು.

“ಏನಿಲ್ರಿ, ಆತು” ಅಂದರು ಸಾಹುಕಾರರು. “ಬೆನ್ನಿಗೆ ಒಂದು ಬಿಗದ್ವಿ, ದಾರಿಗೆ ಬಂತು.”

೪. ಎಳೆ ಬಿಚ್ಚಿದ್ದು

ಈ ಇಲ್ಲದ ಕಂಪ್ಯೂಟರಿನ ದೊಡ್ಡ ಗುಣವೆಂದರೆ ಸ್ನ್ಯಾಪ್‌ಶಾಟ್. ಇವತ್ತು ಅದು ಹೇಗಿದೆಯೋ ಹಾಗೇ ಒಂದು ಪಡಿಯಚ್ಚು ತೆಗೆದಿಟ್ಟರೆ, ನಾಳೆ ಏನೇ ಕೆಟ್ಟರೂ ಇವತ್ತಿಗೆ ಮರಳಬಹುದು. ಸಾಹುಕಾರರಿಗೆ ಇದು ಬಹಳ ಹಿಡಿಸಿತು. ದಿನಾ ಸಂಜೆ ದೀಪ ಹಚ್ಚಿದ ಮೇಲೆ ತಪ್ಪದೆ ಒಂದು ಸ್ನ್ಯಾಪ್‌ಶಾಟ್ ತೆಗೆಯುತ್ತಿದ್ದರು. ಸೆರಗಿನ ನಕ್ಷೆ ಮುಗಿಯುತ್ತ ಬಂದಿತ್ತು. ಸಾಲು ನವಿಲು, ನಡುವೆ ಬಳ್ಳಿ. ನಿಜ ಹೇಳುತ್ತೇನೆ, ಚಂದವಿತ್ತು.

ಮುಧೋಳದಲ್ಲಿ ಒಂದು ಅಂಗಡಿಯ ಕೆಲಸದಲ್ಲಿದ್ದಾಗ ಅವರ ಫೋನ್ ಬಂತು. ಸಾಲಿನಲ್ಲಿ ಒಂದು ನವಿಲಿನ ಕೊಕ್ಕು ಮಾತ್ರ ಉಲ್ಟಾ ತಿರುಗಿದ್ದು ಅವರ ಕಣ್ಣಿಗೆ ಬಿದ್ದಿತ್ತಂತೆ. ಬೇರೆಯವರಾದರೆ ಆ ಕೊಕ್ಕನ್ನಷ್ಟೇ ಅಳಿಸಿ ತಿದ್ದುತ್ತಿದ್ದರು. ಆದರೆ ಮಗ್ಗದ ಮೇಲೆ ತಪ್ಪು ಕಂಡರೆ ನೇಕಾರ ಏನು ಮಾಡುತ್ತಾನೆ? ನೇಯ್ದದ್ದನ್ನು ಒಂದೊಂದೇ ಎಳೆ ಬಿಚ್ಚುತ್ತ ತಪ್ಪಿನವರೆಗೆ ಹಿಂದೆ ಹೋಗುತ್ತಾನೆ. ಬಿಚ್ಚಿದ ಎಳೆಯನ್ನು ಯಾರೂ ಇಟ್ಟುಕೊಳ್ಳುವುದಿಲ್ಲ, ಕಿತ್ತು ಒಗೆಯುತ್ತಾರೆ. ಸಾಹುಕಾರರು ಹಾಗೇ ಮಾಡಿದ್ದರು. ನಿನ್ನೆಗೆ ಹೋದರು, ಇವತ್ತಿನದನ್ನು ಅಳಿಸಿದರು. ಮೊನ್ನೆಗೆ ಹೋದರು, ನಿನ್ನೆಯದನ್ನು ಅಳಿಸಿದರು. ಕೊಕ್ಕು ಎಲ್ಲಿ ತಿರುಗಿತ್ತೋ ಆ ದಿನ ದಾಟಿದ್ದು ಗೊತ್ತಾಗಲಿಲ್ಲ. ನಾನು ವಿಂಡೋಸ್ ಕೂಡಿಸಿದ ಮೊಟ್ಟಮೊದಲ ದಿನಕ್ಕೆ ಹೋಗಿ ಮುಟ್ಟಿದ್ದರು.

“ಈಗ ಏನ್ ಕಾಣಾಕತ್ತೈತ್ರಿ?” ಅಂತ ಕೇಳಿದೆ.

“ನವಿಲಿಲ್ಲ, ಸೆರಗಿಲ್ಲ, ಸಾಫ್ಟ್‌ವೇರೂ ಇಲ್ರಿ. ಒಂದು ಹಸರ ಗುಡ್ಡಾ ಐತಿ, ಮ್ಯಾಲ ನೀಲಿ ಮುಗಲೈತಿ. ನಮ್ಮ ಕಡೇದಂತೂ ಅಲ್ಲ. ಯಾವೂರಿಗೆ ಬಂದೇನ್ರಿ ನಾ?”

೫. ಒಳಗಿನ ಮಂಗಳವಾರ

ನಕ್ಷೆಯನ್ನು ಮೊದಲಿಂದ ಬರೆಯಬೇಕಾಯಿತು. ಸಾಹುಕಾರರು ಊಟ ಪರದೆಯ ಮುಂದೆಯೇ ಮಾಡಿದರು. ವ್ಯಾಪಾರಿ ಬುಧವಾರ ಬರುವವರು. ಮಂಗಳವಾರ ಮಧ್ಯಾಹ್ನ ಕಡೆಯ ನವಿಲು ಕೂತಿತು. ಇನ್ನೇನು ಪೆನ್ ಡ್ರೈವಿಗೆ ಹಾಕಿ ಮಗ್ಗಕ್ಕೆ ಏರಿಸಬೇಕು, ಅಷ್ಟರಲ್ಲಿ ಓಣಿಯ ಟ್ರಾನ್ಸ್‌ಫಾರ್ಮರ್ ಢಬ್ ಅಂದಿತು. ಯುಪಿಎಸ್ ಕೂಗತೊಡಗಿದಾಗ ಸಾಹುಕಾರರು, ನಾನು ಕಲಿಸಿದಂತೆ, ಒಳಗಿನ ಕಂಪ್ಯೂಟರನ್ನು ಇದ್ದಲ್ಲೇ ತಡೆದು ನಿಲ್ಲಿಸಿ, ಹೊರಗಿನದನ್ನು ಬಂದ್ ಮಾಡಿದರು.

ಕರೆಂಟ್ ಬಂದದ್ದು ಬುಧವಾರ ಸಂಜೆ ನಾಲ್ಕು ದಾಟಿದ ಮೇಲೆ. ಆಗಲೇ ವ್ಯಾಪಾರಿ ಬಂದು ಪಡಸಾಲೆಯಲ್ಲಿ ಕೂತಿದ್ದರು. ನಾನೂ ಜಮಖಂಡಿಯಿಂದ ಓಡಿ ಬಂದಿದ್ದೆ. ಸಾಹುಕಾರರು ಮ್ಯಾಕ್ ಚಾಲೂ ಮಾಡಲು ಕೈ ಚಾಚಿದರು. ಬಾಗಿಲಲ್ಲಿ ಆಯಿ ನಿಂತಿದ್ದರು.

“ಇವತ್ತ ಅಮಾಸಿ. ಹೊಸಾ ನಕ್ಷಿ ಮಗ್ಗಕ್ಕ ಏರಸಂಗಿಲ್ಲ.”

ಸಾಹುಕಾರರು ಚಾಚಿದ ಕೈ ಹಿಂದೆಳೆದುಕೊಂಡರು. ವ್ಯಾಪಾರಿ ಆರೂ ಹತ್ತರ ಬಸ್ಸಿಗೆ ಹೋಗುವವರು. ಮರುದಿನ ಇಳಕಲ್ಲಿನಲ್ಲಿ ಇನ್ನೊಬ್ಬರ ಸೆರಗು ನೋಡುವವರು. ಇವತ್ತು ಗೇಣುದ್ದವಾದರೂ ನೇಯ್ದು ತೋರಿಸದಿದ್ದರೆ ಎರಡು ಮಗ್ಗದ ಮಾತು ಮುಗಿದ ಹಾಗೆ.

ನಾನು ಸುಮ್ಮನೆ ಮ್ಯಾಕ್ ಚಾಲೂ ಮಾಡಿ ಒಳಗಿನ ಕಂಪ್ಯೂಟರನ್ನು ಎಬ್ಬಿಸಿದೆ. ನಿಲ್ಲಿಸಿದ ಗಳಿಗೆಯಿಂದಲೇ ಅದು ಮುಂದುವರಿಯಿತು. ಸಾಮಾನ್ಯವಾಗಿ ಅದು ಎದ್ದ ಕೂಡಲೆ ಹೊರಗಿನ ಗಡಿಯಾರ ನೋಡಿ ತನ್ನದನ್ನು ಸರಿಮಾಡಿಕೊಳ್ಳುತ್ತದೆ. ಹೊತ್ತು ಜಿಗಿದಾಗ ನಕ್ಷೆಯ ಸಾಫ್ಟ್‌ವೇರ್ ಗಾಬರಿಬೀಳುತ್ತದೆಂದು ಆ ಏರ್ಪಾಡನ್ನು ನಾನೇ ತೆಗೆದುಹಾಕಿದ್ದೆ. ಮೂಲೆಯಲ್ಲಿ ತಾರೀಖು ಹೊಳೆಯಿತು.

“ಆಯಿ, ಹೊರಗ ಅಮಾಸಿ ಖರೆ. ಇದರೊಳಗ ಇನ್ನೂ ಮಂಗಳವಾರ ಐತಿ.”

ಆಯಿ ಚಾಳೀಸು ಹಾಕಿಕೊಂಡು ಬಂದು ನೋಡಿದರು. ಬಹಳ ಹೊತ್ತು ನೋಡಿದರು. ಅವರ ಕಾಲದಲ್ಲಿ ದಿನ ಸರಿಯಿಲ್ಲದಾಗ ಊರಿಗೆ ಹೋಗುವವರು ಹಿಂದಿನ ದಿನವೇ ಗಂಟನ್ನು ಬಾಜೂ ಮನೆಯಲ್ಲಿ ಇಟ್ಟು ಬರುತ್ತಿದ್ದರು. ಹೊರಟದ್ದು ಒಳ್ಳೆಯ ದಿನ ಅಂತಾದರೆ ಮುಂದಿನದು ನಡೆಯುತ್ತದೆ.

“ನಕ್ಷಿ ಇದರೊಳಗಿಂದನ ಹೊಂಡತೈತೇನು?”

“ಇದರೊಳಗಿಂದನ.”

“ಹಂಗಾರ ಅಡ್ಡಿಯಿಲ್ಲ. ಒಳಗ ಹೊತ್ತೆಷ್ಟು?”

“ಮೂರೂ ನಲವತ್ತು.”

“ಮಂಗಳವಾರ ಮೂರರಿಂದ ನಾಕೂವರಿತನಕಾ ರಾಹುಕಾಲ. ಯಾರೂ ಮುಟ್ಟಬ್ಯಾಡ್ರಿ.”

“ಆಯಿ, ಗಡಿಯಾರ ಮುಂದ ತಿರುವ್ಲೇನ್ರಿ?” ಅಂದೆ.

ಆಯಿ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. “ಗಡಿಯಾರ ತಾನಾಗಿ ನಿಂತ್ರ ದೇವ್ರ ಇಚ್ಛಾ. ನೀ ತಿರುವಿದ್ರ ಅದು ಮೋಸ.”

ಕೂತೆವು. ಇಲ್ಲದ ಕಂಪ್ಯೂಟರಿನ ರಾಹುಕಾಲ ಕಳೆಯಲಿ ಅಂತ ನಾಲ್ಕು ಮಂದಿ ಗಟ್ಟಿಮುಟ್ಟಾದ ಮನುಷ್ಯರು ಪರದೆ ನೋಡುತ್ತ ಕೂತೆವು. ಒಳಗೆ ನಾಲ್ಕೂವರೆ, ಹೊರಗೆ ಐದು ಆದದ್ದೇ ಆಯಿ ಪೆನ್ ಡ್ರೈವಿಗೆ ಕುಂಕುಮ ಹಚ್ಚಿದರು. ನಕ್ಷೆ ಮಗ್ಗಕ್ಕೆ ಏರಿತು. ಮಗ್ಗ ಖಟಖಟ ಅಂದು ಗೇಣುದ್ದ ಸೆರಗು ಕೆಳಗಿಳಿಯಿತು. ಕೆಂಪು ನೆಲದ ಮೇಲೆ ಸಾಲು ನವಿಲು, ಎಲ್ಲಾ ಕೊಕ್ಕೂ ಒಂದೇ ಕಡೆ.

ವ್ಯಾಪಾರಿ ಹೆಬ್ಬೆರಳಿನಿಂದ ತಿಕ್ಕಿ ನೋಡಿದರು, ಬೆಳಕಿಗೆ ಹಿಡಿದು ನೋಡಿದರು. “ಭಾಳ ಛಲೋ ಐತ್ರಿ. ಆದ್ರ ಅಮಾಸಿ ದಿನಾ ನಾ ಯಾವ ಯಾಪಾರಕ್ಕೂ ಹೂಂ ಅನ್ನಂಗಿಲ್ಲ. ಇಳಕಲ್ಲಿನ್ಯಾಗ ಇನ್ನೊಬ್ಬರದು ನೋಡಿ ಆಮ್ಯಾಲ ಫೋನ್ ಮಾಡ್ತೇನಿ.”

ಆ ಫೋನು ಬರುವುದಿಲ್ಲ ಅಂತ ಪಡಸಾಲೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಆಗ ಆಯಿ ಪರದೆಯ ಮುಂದಿನ ಕುರ್ಚಿಯನ್ನು ಸೆರಗಿನಿಂದ ಒರೆಸಿ ಎಳೆದರು.

“ಅಮಾಸಿ ಹೊರಗಿರ್ಲಿ. ನೀವು ಇಲ್ಲಿ ಬಂದು ಕುಂಡ್ರಿ. ಇದರೊಳಗ ಮಂಗಳವಾರ ಐತಿ, ರಾಹುಕಾಲಾನೂ ಮುಗದೈತಿ. ಹೂಂ ಅನ್ನೂದನ್ನ ಇದರಾಗ ಅನ್ರಿ.”

ವ್ಯಾಪಾರಿಗೆ ಅಮಾವಾಸ್ಯೆಯ ಹೆದರಿಕೆಯಿತ್ತು. ಆಯಿಯ ಮುಖ ನೋಡಿದ ಮೇಲೆ ಅದು ಕಡಿಮೆಯಾಯಿತು. ಬಂದು ಕೂತರು. ಒಂದೇ ಬೆರಳಿನಲ್ಲಿ ಆರ್ಡರನ್ನು ತಾವೇ ಟೈಪ್ ಮಾಡಿದರು. ಕೆಳಗೆ ತಾರೀಖಿನ ಕೀಲಿ ನಾನು ಒತ್ತಿದೆ. ಮಂಗಳವಾರ ಅಂತ ಬಂತು. ಸಾಹುಕಾರರು ಎದ್ದುಹೋಗಿ ಬಂದ್ ಇದ್ದ ಮಗ್ಗಗಳ ಮೇಲಿನ ಧೂಳು ಒರೆಸತೊಡಗಿದರು.

ವ್ಯಾಪಾರಿ ಕುರ್ಚಿಗೆ ಒರಗಿ ಕಾಲು ಚಾಚಿದರು. ಪರದೆಯ ಮೂಲೆಯಲ್ಲಿ ಐದೂ ಮೂವತ್ತೈದು ಅಂತಿತ್ತು. “ಬಸ್ಸಿಗೆ ಇನ್ನೂ ಅರ್ಧಾ ತಾಸ ಐತಿ. ಇನ್ನೊಂದು ಚಾ ಮಾಡ್ರಿ ಆಯಿ.”

ಆಯಿ ಅವರ ಚೀಲ ತಂದು ಕೈಗೆ ಕೊಟ್ಟರು. “ಚಾ ಬ್ಯಾಡ, ಲಗೂನ ಓಡ್ರಿ. ಬಸ್ಸು ಬುಧವಾರದಾಗ ಐತಿ.”